ಟೈಲರಮ್ಮನ ಗುರಿ, ಸಾಹೇಬರ ಪಟ್ಟಿ

ಪಟ್ಟಿ ಸಾಹೇಬರಿಗೆ ಹೆಂಡತಿಯ ಮೇಲಿದ್ದ ದೂರು ಒಂದೇ. ಆಕೆ ವೇಳಾಪಟ್ಟಿ ಇಲ್ಲದೆ ಬದುಕುತ್ತಿದ್ದರು, ಅದೂ ಚೆನ್ನಾಗಿಯೇ ಬದುಕುತ್ತಿದ್ದರು.

(ಸಾಹೇಬರು ಎಂದ ಕೂಡಲೇ ದೊಡ್ಡ ಅಧಿಕಾರಿ ಎಂದುಕೊಳ್ಳಬೇಡಿ. ಬಸ್ ಡಿಪೋದಲ್ಲಿ ಯಾವ ಬಸ್ಸು ಎಷ್ಟು ಗಂಟೆಗೆ ಹೊರಟು ಎಷ್ಟು ಗಂಟೆಗೆ ಮುಟ್ಟಬೇಕು ಎಂದು ಬರೆಯುವ ಗುಮಾಸ್ತರು. ಇಪ್ಪತ್ತೇಳು ವರ್ಷ ಅದನ್ನೇ ಬರೆದೂ ಬರೆದೂ, ಮನೆಯಲ್ಲಿ ಹಲ್ಲುಜ್ಜುವುದಕ್ಕೂ ಆಗಮನ, ನಿರ್ಗಮನ ನಮೂದಿಸುವ ಹಂತ ತಲುಪಿದ್ದರು. ‘ಪಟ್ಟಿ ಸಾಹೇಬರು’ ಎಂಬುದು ಡಿಪೋದವರು ಪ್ರೀತಿಯಿಂದ ಇಟ್ಟ ಹೆಸರು. ಅದರಲ್ಲಿ ಪ್ರೀತಿ ಎಷ್ಟು, ಕೀಟಲೆ ಎಷ್ಟು ಎಂದು ಅವರು ವಿಚಾರಿಸಲು ಹೋಗಿರಲಿಲ್ಲ.)

ಹೆಂಡತಿಯನ್ನು ಬೀದಿಯೆಲ್ಲ ಟೈಲರಮ್ಮ ಎನ್ನುತ್ತಿತ್ತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೂರು ವರ್ಷದ ಹಿಂದೆ ಶೂಟಿಂಗ್ ಕ್ಲಬ್ಬಿನವರು ಹರಿದ ಜಾಕೆಟ್‌ಗಳ ಮೂಟೆಯೊಂದನ್ನು ಅಲ್ಲಿಗೆ ತಂದು ಹಾಕಿದ್ದರು. ಗುರಿ ಹೊಡೆಯುವವರು ತೊಡುವ ಆ ಜಾಕೆಟ್ಟನ್ನು ಬಟ್ಟೆ ಎನ್ನುವುದಕ್ಕಿಂತ ಹಲಗೆ ಎನ್ನಬಹುದು. ದಪ್ಪ ಕ್ಯಾನ್ವಾಸು, ಮೊಣಕೈಗೆ ತೊಗಲು, ತೊಟ್ಟವರು ಬಗ್ಗುವ ಹಾಗಿಲ್ಲ. “ಎಲ್ಲಿ ಹಿಡಿಯುತ್ತೆ ಅಂತ ತೊಟ್ಟು ನೋಡದೆ ಹೇಗೆ ಹೊಲೀಲಿ?” ಎಂದು ಟೈಲರಮ್ಮ ತಾವೇ ಜಾಕೆಟ್ ತೊಟ್ಟು, ಕ್ಲಬ್ಬಿಗೆ ಹೋಗಿ, ಏರ್ ರೈಫಲ್ ಹಿಡಿದು ನಿಂತರು. ಸೂಜಿಗೆ ದಾರ ಪೋಣಿಸುವಾಗ ಉಸಿರು ಹಿಡಿಯುತ್ತಾರಲ್ಲ, ಹಾಗೆ ಹಿಡಿದು ಮೂರು ಗುಂಡು ಹಾರಿಸಿದರು. ಹತ್ತಕ್ಕೆ ಒಂಬತ್ತು, ಒಂಬತ್ತು, ಹತ್ತು.

“ಜಾಕೆಟ್ ನಿಧಾನಕ್ಕೆ ಹೊಲೀರಿ ಆಂಟಿ,” ಎಂದರು ಕ್ಲಬ್ಬಿನ ಕೋಚ್. “ನಾಳೆ ಬೆಳಿಗ್ಗೆ ಬಂದುಬಿಡಿ.”

ಅಂದಿನಿಂದ ಸಾಹೇಬರ ಭಾನುವಾರಗಳು ಬಡವಾದವು. ಹೆಂಡತಿ ಬೆಳಿಗ್ಗೆಯೇ ಕ್ಲಬ್ಬಿಗೆ ಹೋದರೆ ಮನೆಯಲ್ಲಿ ಉಳಿಯುವವರು ತಾವು, ಗೋಡೆ ಗಡಿಯಾರ, ಮತ್ತು ಕಾಲೇಜಿಗೆ ರಜೆ ಎಂದು ಮಧ್ಯಾಹ್ನದವರೆಗೆ ಮಲಗುವ ಮಗಳು. ಗಡಿಯಾರದ ಜೊತೆ ಎಷ್ಟು ಹೊತ್ತು ಮಾತಾಡುವುದು?

ಆದರೂ ಅವರು ಒಂದು ದಿನವೂ ಬೇಡ ಎಂದವರಲ್ಲ. ಹೋದ ವರ್ಷದ ಒಂದು ಸಂಜೆ ಅವರ ಬಾಯಿ ಕಟ್ಟಿತ್ತು. ಐವತ್ತು ದಾಟಿದವರ ವಿಭಾಗದಲ್ಲಿ ದೊಡ್ಡ ಪಂದ್ಯಕ್ಕೆ ಆಯ್ಕೆಯಾಗಲು ನಲವತ್ತು ಗುಂಡಿಗೆ ನಾನೂರಕ್ಕೆ ಮುನ್ನೂರ ಎಪ್ಪತ್ತು ಅಂಕ ಬೇಕು. ಟೈಲರಮ್ಮನಿಗೆ ಬಂದದ್ದು ಮುನ್ನೂರ ಅರವತ್ತೆಂಟು. ಮನೆಗೆ ಬಂದು ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಮೆಷಿನ್ ಮುಂದೆ ಕೂತು, ಸರಿಯಾಗಿಯೇ ಇದ್ದ ಹೊಲಿಗೆಯೊಂದನ್ನು ಬಿಚ್ಚಿ, ಮತ್ತೆ ಹೊಲಿದು, ಮತ್ತೆ ಬಿಚ್ಚಿದರು. ಸಾಹೇಬರು ಬಾಗಿಲಲ್ಲಿ ಚಹಾ ಹಿಡಿದು ನಿಂತು ನೋಡಿದರು. ಚಹಾ ಆರಿತು.

ಆಮೇಲೆ ಕಣ್ಣಿನ ಡಾಕ್ಟರು ಬೇರೆ, ಬಲಗಣ್ಣಿನಲ್ಲಿ ಪೊರೆ ಶುರುವಾಗಿದೆ, ಇನ್ನೊಂದು ವರ್ಷ ತೊಂದರೆಯಿಲ್ಲ, ಆಮೇಲೆ ಆಪರೇಷನ್, ಆಮೇಲೆ ನೋಡೋಣ ಎಂದಿದ್ದರು. ‘ಆಮೇಲೆ ನೋಡೋಣ’ ಎಂಬ ಮಾತು ಸಾಹೇಬರ ವೃತ್ತಿಯಲ್ಲಿಯೇ ಇರಲಿಲ್ಲ. ಅವರ ಪ್ರಕಾರ ಉಳಿದಿದ್ದು ಒಂದು ವರ್ಷ, ಅಂದರೆ ಐವತ್ತೆರಡು ವಾರ.

ಹೀಗಿರುವಾಗ ಒಂದು ದಿನ ಟೈಲರಮ್ಮ ಕ್ಲಬ್ಬಿನಿಂದ ಒಂದು ಚೀಟಿ ತಂದರು.

“ಕೋಚ್ ಕೊಟ್ಟಿದ್ದಾರೆ ರೀ. ವಾರಕ್ಕೆ ಮೂರು ದಿನ ಕ್ಲಬ್ಬು, ಬೆನ್ನಿಗೆ ಕಾಲಿಗೆ ವ್ಯಾಯಾಮ, ನಿದ್ದೆ, ಡ್ರೈ ಪ್ರಾಕ್ಟೀಸು. ವರ್ಷಕ್ಕೆಲ್ಲ ಹಂಚ್ಕೊಂಡು ಬರೆದಿಟ್ಕೊಳ್ಳಿ ಅಂದ್ರು. ಬರೆಯೋದೆಲ್ಲ ನನ್ನ ಕೈಲಿ ಆಗುತ್ತಾ?”

ಸಾಹೇಬರು ಕೈಯೊಡ್ಡಿದರು. “ಕೊಡು ಇಲ್ಲಿ.”

“ಅಮ್ಮ, ಕೊಡಬೇಡ!” ಎಂದು ಮಗಳು ಒಳಗಿನಿಂದ ಕೂಗುವಷ್ಟರಲ್ಲಿ ಚೀಟಿ ಕೈ ಬದಲಾಗಿತ್ತು.

ಹನ್ನೊಂದು ದಿನ ಸಾಹೇಬರು ಊಟದ ಮೇಜನ್ನು ವಶಪಡಿಸಿಕೊಂಡರು. ರದ್ದಾದ ಬಸ್ ಮಾರ್ಗವೊಂದರ ಆರಡಿ ಉದ್ದದ ಹಳೆಯ ಹಾಳೆಯ ಹಿಂಬದಿಯಲ್ಲಿ ಮಹಾಯೋಜನೆ ಸಿದ್ಧವಾಯಿತು. ಡಿಪೋದ ನಿಯಮದಂತೆ ಮುಟ್ಟುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿದರು. ಮೊದಲ ನಾಲ್ಕು ತಿಂಗಳು ‘ಅಡಿಪಾಯ’, ನಂತರ ಐದು ತಿಂಗಳು ‘ಏರುದಾರಿ’, ಕೊನೆಗೆ ‘ಶಿಖರ’. ಪಂದ್ಯದ ದಿನದ ಮೇಲೆ ಕಪ್ಪು ಶಾಯಿಯಲ್ಲಿ ದುಂಡಗೆ ಒಂದು ಚುಕ್ಕೆ, ಅದರ ಪಕ್ಕದಲ್ಲಿ ‘ಕೊನೆಯ ನಿಲ್ದಾಣ: 370’. ಹಾಳೆಯನ್ನು ಹಜಾರದ ಗೋಡೆಗೆ ಅಂಟಿಸಿ, ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದು, ಮತ್ತೆ ಎರಡು ಹೆಜ್ಜೆ ಸರಿದು, ಕುರ್ಚಿಗೆ ಎಡವಿ ಕೂತರು.

ಮಗಳು ಬೆರಳಿಟ್ಟು ಓದಿದಳು. “ಅಪ್ಪ, ಬೆಳಿಗ್ಗೆ ಆರೂ ಹತ್ತರಿಂದ ಆರೂ ಇಪ್ಪತ್ತೈದು ‘ಮನಃಶಾಂತಿ’ ಅಂತ ಇದೆ. ಆರೂ ಇಪ್ಪತ್ತಾರಕ್ಕೆ ಏನಾಗುತ್ತೆ?”

“ಪಾತ್ರೆ.”

“ಅಮ್ಮನ ಕೈಗೆ ವಿಶ್ರಾಂತಿ ಬೇಕು ಅಂತ ಕೆಳಗೆ ಬರೆದಿದ್ದೀರಲ್ಲ?”

“ಪಾತ್ರೆ ಅವಳಿಗಲ್ಲ. ‘ಸಹಾಯಕ ಸಿಬ್ಬಂದಿ’ ಅನ್ನೋ ಕಲಂ ನೋಡು.”

“ಸಹಾಯಕ ಸಿಬ್ಬಂದಿ ಯಾರು?”

“ನಾನು. ಮತ್ತೆ, ಬಹುಮಟ್ಟಿಗೆ ನೀನು.”

ಟೈಲರಮ್ಮನೂ ಓದಿದರು. ಬಟ್ಟೆ ಅಳೆಯುವಂತೆ ಬೆರಳನ್ನು ಹಾಳೆಯ ಉದ್ದಕ್ಕೂ ಎಳೆದುಕೊಂಡು ಹೋದವರು ಒಂದು ಕಡೆ ನಿಂತರು. “ಇಲ್ಲಿ ಡ್ರೈ ಪ್ರಾಕ್ಟೀಸು...”

“ರದ್ದು!” ಎಂದರು ಸಾಹೇಬರು. ಈ ಪ್ರಶ್ನೆಗಾಗಿಯೇ ಹನ್ನೊಂದು ದಿನ ಕಾದಿದ್ದರು. “ಏನದು, ರೈಫಲ್‌ಗೆ ಗುಂಡು ಹಾಕದೆ, ಗುರಿ ಹಿಡಿದು, ಸುಮ್ಮನೆ ಟ್ರಿಗರ್ ಎಳೆಯೋದು? ದಿನಾ ಅರ್ಧ ಗಂಟೆ? ಇದನ್ನ ನಮ್ಮ ಡಿಪೋದಲ್ಲಿ ಖಾಲಿ ಓಟ ಅಂತಾರೆ. ಒಬ್ಬ ಪ್ರಯಾಣಿಕನೂ ಇಲ್ಲದೆ ಬಸ್ಸು ಓಡಿಸಿದ ಹಾಗೆ. ಇಪ್ಪತ್ತೇಳು ವರ್ಷದಲ್ಲಿ ನನ್ನ ಪಟ್ಟಿಯಲ್ಲಿ ಒಂದೇ ಒಂದು ಖಾಲಿ ಓಟ ಹುಡುಕಿ ತೋರಿಸಲಿ ಯಾರಾದ್ರೂ. ಆ ಅರ್ಧ ಗಂಟೆ ಉಳಿಸಿ ಉಸಿರಾಟಕ್ಕೆ ಹಾಕಿದ್ದೀನಿ.”

ಟೈಲರಮ್ಮ ಗಂಡನ ಮುಖ ನೋಡಿದರು. ಮೂಗಿನ ತುದಿಗೆ ಶಾಯಿ ಅಂಟಿತ್ತು. “ಚೆನ್ನಾಗಿದೆ,” ಎಂದರು. ತುಸು ತಡೆದು, “ತುಂಬಾ ಚೆನ್ನಾಗಿದೆ ರೀ,” ಎಂದರು.

ಎರಡನೆಯ ಸಲ ಹೇಳಿದ್ದನ್ನು ಸಾಹೇಬರು ಮೆಚ್ಚುಗೆ ಎಂದೇ ತಿಳಿದರು.

ಯೋಜನೆ ಹೊರಟಿತು. ಟೈಲರಮ್ಮ ದಿನವೂ ಬಹಳ ಹೊತ್ತು ಪಟ್ಟಿಯನ್ನೇ ನೋಡುತ್ತ ನಿಲ್ಲುವುದನ್ನು ಕಂಡು ಸಾಹೇಬರು ಬೀಗಿದರು. ಅಡಿಪಾಯದ ತಿಂಗಳುಗಳಲ್ಲಿ ಟೈಲರಮ್ಮ ಬೆಳಗಿನ ಹೊತ್ತು ಒಂಟಿ ಕಾಲಿನಲ್ಲಿ ನಿಲ್ಲಬೇಕಿತ್ತು. ಜೊತೆಗಿರಲಿ ಎಂದು ಸಾಹೇಬರೂ ನಿಂತರು, ಹೂಕುಂಡದ ಮೇಲೆ ಬಿದ್ದರು, ಆಮೇಲೆ ಕುರ್ಚಿಯಲ್ಲಿ ಕೂತು ಸೆಕೆಂಡು ಎಣಿಸುವ ಹುದ್ದೆ ವಹಿಸಿಕೊಂಡರು. ಏರುದಾರಿಯಲ್ಲಿ ಮನೆಯೊಳಗೆ ‘ಮೌನವಲಯ’ ಜಾರಿಗೆ ಬಂತು. ಮಿಕ್ಸಿ, ಬಾಗಿಲು, ಮಗಳ ಫೋನು ಎಲ್ಲಕ್ಕೂ ನಿರ್ಬಂಧ. ಸದ್ದಾಗದಂತೆ ಪಾತ್ರೆ ಜೋಡಿಸುವ ಭರದಲ್ಲಿ ಸಹಾಯಕ ಸಿಬ್ಬಂದಿ ಒಂದೇ ಸಂಜೆ ಏಳು ತಟ್ಟೆಗಳನ್ನು ನೆಲಕ್ಕೆ ಬಿಟ್ಟರು. ಪಕ್ಕದ ಮನೆಯವರು ಗೋಡೆಯಾಚೆಯಿಂದ, “ಏನಮ್ಮಾ, ಎಲ್ಲಾ ಸರಿಯಾಗಿದ್ದೀರಾ?” ಎಂದು ವಿಚಾರಿಸಿದರು.

ಇಷ್ಟಾದರೂ ಅಂಕ ಏರಿತು. ಹೋದ ವರ್ಷದ ಸೋಲಿನ ಮೇಲೆ ಮುನ್ನೂರ ಐವತ್ತೇಳಕ್ಕೆ ಇಳಿದದ್ದು ಅರವತ್ತೊಂದಾಯಿತು, ಅರವತ್ನಾಲ್ಕಾಯಿತು. ಸಾಹೇಬರು ಪ್ರತಿ ವಾರವೂ ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಗೆರೆ ಮೇಲೆ ಹೋದಂತೆ ಅವರ ಗಲ್ಲವೂ ಮೇಲೆ ಹೋಯಿತು. “ನೋಡ್ರಿ, ಖಾಲಿ ಓಟ ಕಿತ್ತು ಹಾಕಿದ ಫಲ,” ಎಂದು ಡಿಪೋದಲ್ಲಿ ಡ್ರೈವರುಗಳಿಗೆ, ಕಂಡಕ್ಟರುಗಳಿಗೆ, ಕೊನೆಗೆ ಟಯರು ಬದಲಿಸುತ್ತಿದ್ದವರಿಗೂ ಹೇಳಿ ಬಂದರು.

ಏಳನೆಯ ತಿಂಗಳಲ್ಲಿ ಒಂದು ದಿನ ಡಿಪೋದ ಸಭೆ ಮುಂದಕ್ಕೆ ಹೋಯಿತು. ದಿನವೂ ಆರಕ್ಕೆ ಸರಿಯಾಗಿ ಮನೆ ಮುಟ್ಟುವ ಸಾಹೇಬರು ಅಂದು ಐದೂವರೆಗೇ ಬಂದರು. ಅಂಗಡಿ ಮುಚ್ಚಿತ್ತು. ಹಜಾರದ ಕಿಟಕಿ ತೆರೆದಿತ್ತು. ಒಳಗಿನಿಂದ ‘ಟಕ್’ ಎಂಬ ಸಣ್ಣ ಸದ್ದು. ಸ್ವಲ್ಪ ಹೊತ್ತು ಮೌನ. ಮತ್ತೆ ‘ಟಕ್’.

ಸಾಹೇಬರು ಇಣುಕಿದರು. ಆ ಹಲಗೆ ಜಾಕೆಟ್ ತೊಟ್ಟು, ಒರೆಸಿಡಲೆಂದು ಕ್ಲಬ್ಬಿನಿಂದ ಮನೆಗೆ ತಂದಿದ್ದ ರೈಫಲ್ ಎತ್ತಿ, ಟೈಲರಮ್ಮ ನಿಂತಿದ್ದರು. ಗುಂಡಿಲ್ಲ. ಗುರಿ ಮಾತ್ರ ಇತ್ತು. ಗೋಡೆಯ ಮೇಲೆ, ಸಾಹೇಬರೇ ದುಂಡಗೆ ಬರೆದ ಕೊನೆಯ ನಿಲ್ದಾಣದ ಕಪ್ಪು ಚುಕ್ಕೆ.

ಹೆಂಡತಿ ತಮ್ಮ ಪಟ್ಟಿಯನ್ನು ದಿನವೂ ಅಷ್ಟು ಹೊತ್ತು ಯಾಕೆ ನೋಡುತ್ತಿದ್ದರು ಎಂಬುದು ಸಾಹೇಬರಿಗೆ ಆಗ ತಿಳಿಯಿತು.

ಮೊದಲು ಸಿಟ್ಟು ಬಂತು. ಒಳಗೆ ನುಗ್ಗಿ, “ಇದೇನು ನಾಟಕ?” ಎನ್ನಬೇಕು ಎನಿಸಿತು. ಅಷ್ಟರಲ್ಲಿ ಬೀದಿಯಲ್ಲಿ ಯಾರದೋ ಗೇಟು ಕಿರ್ರೆಂದಿತು. ಟೈಲರಮ್ಮ ಗಾಬರಿಯಿಂದ ರೈಫಲ್ ಇಳಿಸಿ, ಅರ್ಧ ಬಿಚ್ಚಿದ ಜಾಕೆಟ್ಟಿನಲ್ಲೇ ಓಡಿ, ಹೊಲಿಯಲು ಬಂದ ಪರದೆಗಳ ರಾಶಿಯೊಳಗೆ ಎರಡನ್ನೂ ತುರುಕಿದರು. ಗಡಿಯಾರ ನೋಡಿದರು. ಗಂಡ ಬಂದಿಲ್ಲ ಎಂದು ಗೊತ್ತಾಗಿ ಎಲ್ಲವನ್ನೂ ಮತ್ತೆ ಹೊರಗೆ ತೆಗೆದರು. ಉಸಿರು ಸುಧಾರಿಸಿಕೊಂಡರು. ಎತ್ತಿದರು. ಇನ್ನೊಂದು ಸೈಕಲ್ ಬೆಲ್ಲು. ಮತ್ತೆ ಓಟ.

ಸಾಹೇಬರ ಸಿಟ್ಟು ಎಲ್ಲಿ ಇಳಿದುಹೋಯಿತೋ ತಿಳಿಯದು. ಐವತ್ಮೂರು ವಯಸ್ಸಿನ ಹೆಂಗಸು ತನ್ನ ಮನೆಯಲ್ಲಿ ತನ್ನ ಗಂಡನ ಮನಸ್ಸು ನೋಯದಿರಲಿ ಎಂದು ಹೀಗೆ ಓಡಾಡುವುದೇ? ಅವರು ಸದ್ದಿಲ್ಲದೆ ಹಿಂದಕ್ಕೆ ಸರಿದು, ಚಪ್ಪಲಿ ಕೈಯಲ್ಲಿ ಹಿಡಿದು, ಮೂಲೆಯವರೆಗೆ ಬರಿಗಾಲಲ್ಲಿ ನಡೆದರು.

ಆ ದಿನ ಮೂಲೆಯಲ್ಲೇ ಅವರು ಜೀವನದ ಮೊದಲ ರಹಸ್ಯ ವೇಳಾಪಟ್ಟಿ ಹಾಕಿದರು. ಇನ್ನು ಮೇಲೆ ಆರಕ್ಕೆ ಮನೆ ಮುಟ್ಟುವಂತಿಲ್ಲ. ಹೆಂಡತಿಗೆ ಇನ್ನೂ ನಲವತ್ತು ನಿಮಿಷ ಸಿಗಬೇಕು. ಅಲ್ಲಿಯವರೆಗೆ ಬೀದಿ ಸುತ್ತುವುದು. ಕ್ಷೌರದಂಗಡಿ, ನೀರಿನ ಟ್ಯಾಂಕು, ಆಟದ ಮೈದಾನದ ಬೇಲಿ, ಅಂಚೆ ಪೆಟ್ಟಿಗೆ, ಮತ್ತೆ ಕ್ಷೌರದಂಗಡಿ. ಹೀಗೆ ಮೂರು ಸುತ್ತು.

ಐದು ತಿಂಗಳು ಅವರು ಇದನ್ನು ತಪ್ಪಿಸಲಿಲ್ಲ. ಕ್ಷೌರದವರು ಮೊದಲ ವಾರ ನಕ್ಕರು, ಎರಡನೆಯ ವಾರ ಕುರ್ಚಿ ತೋರಿಸಿದರು, ಮೂರನೆಯ ವಾರ ಮೆಲ್ಲಗೆ, “ಮನೇಲಿ ಏನಾದ್ರೂ ಮಾತಿಗೆ ಮಾತು ಬಂತಾ ಸಾಹೇಬ್ರೇ? ಹೋಗಿ ತಪ್ಪಾಯ್ತು ಅಂದ್ಬಿಡಿ, ಮುಗೀತು,” ಎಂದರು. ಮೈದಾನದ ಬೇಲಿಯ ಬಳಿಯ ಕಂದು ನಾಯಿ ಇವರನ್ನು ಕಂಡು ಬೊಗಳುವುದನ್ನು ಬಿಟ್ಟು ಜೊತೆಗೆ ಬರತೊಡಗಿತು. ಒಂದು ಸಂಜೆ ಬಸ್ಸಿನಿಂದ ಇಳಿದ ಮಗಳು ಎದುರಿಗೇ ಸಿಕ್ಕಳು.

“ಅಪ್ಪ? ಮನೆ ಆ ಕಡೆ.”

“ಗೊತ್ತು. ಅಮ್ಮನಿಗೆ ಹೇಳಬೇಡ.”

ಮಗಳು ಎಲ್ಲ ಕೇಳಿಸಿಕೊಂಡು, ನಗು ನುಂಗಿ, “ಸರಿ, ಹೇಳಲ್ಲ,” ಎಂದಳು. ಅವಳ ಮುಖ ಸ್ವಲ್ಪ ವಿಚಿತ್ರವಾಗಿತ್ತು. ಸಾಹೇಬರು ಅದನ್ನು ಪಿತೃಭಕ್ತಿ ಎಂದುಕೊಂಡರು.

ಕಿಟಕಿಯತ್ತ ಅವರು ಒಮ್ಮೆಯೂ ಇಣುಕಲಿಲ್ಲ. ಅದು ಮರ್ಯಾದೆಯಲ್ಲ ಎನಿಸಿತ್ತು. ದೀಪ ಉರಿಯುವುದು ಮಾತ್ರ ದೂರದಿಂದ ಕಾಣುತ್ತಿತ್ತು. ಒಳಗೆ ಆಕೆ ನಿಂತಿದ್ದಾಳೆ, ಗುರಿ ಹಿಡಿದಿದ್ದಾಳೆ ಎಂದುಕೊಂಡರೆ ಮೂರನೆಯ ಸುತ್ತಿನಲ್ಲಿ ಮೊಣಕಾಲು ನೋಯುತ್ತಿರಲಿಲ್ಲ. (ನೋಯುತ್ತಿತ್ತು. ಆದರೆ ನೋವಿಗೊಂದು ಘನತೆ ಬಂದಿತ್ತು.)

ಪಂದ್ಯದ ದಿನ ಬಂತು. ದೊಡ್ಡ ಸಭಾಂಗಣ, ಸಾಲಾಗಿ ನಿಂತ ಹದಿನಾರು ಮಂದಿ, ಹತ್ತು ಮೀಟರ್ ದೂರದಲ್ಲಿ ಹದಿನಾರು ಕಪ್ಪು ಚುಕ್ಕೆ. ಹಿಂದಿನ ಕುರ್ಚಿಗಳಲ್ಲಿ ಸಾಹೇಬರೂ ಮಗಳೂ ಕೂತರು. ಮೂವತ್ತು ಗುಂಡು ಮುಗಿದಾಗ ಇನ್ನೂರ ಎಪ್ಪತ್ತಾರು. ಇನ್ನು ಹತ್ತು ಗುಂಡಿಗೆ ತೊಂಬತ್ತನಾಲ್ಕು ಬೇಕು. ಸಾಹೇಬರು ಮಗಳ ಕೈ ಹಿಡಿದರು.

“ಅಪ್ಪ, ನನ್ನ ಬೆರಳು,” ಎಂದು ಮಗಳು ಪಿಸುಗುಟ್ಟಿದಳು.

“ಉಸಿರಾಡಬೇಡ!”

“ಗುರಿ ಹಿಡಿದಿರೋದು ಅಮ್ಮ. ನಾನು ಯಾಕೆ ಉಸಿರಾಡಬಾರದು?”

ಒಂಬತ್ತು. ಹತ್ತು. ಒಂಬತ್ತು. ಎಂಟು. ಸಾಹೇಬರಿಗೆ ಎಂಟು ಕಂಡ ಕೂಡಲೇ ಅಂದಿನ ಆರಿದ ಚಹಾದ ಲೋಟ ಮತ್ತೆ ಕೈಯಲ್ಲಿದ್ದಂತೆ ಅನಿಸಿತು. ಟೈಲರಮ್ಮ ರೈಫಲ್ ಇಳಿಸಿದರು. ಕಣ್ಣು ಮುಚ್ಚಿ ನಿಂತರು. ಅವಸರವೇ ಇಲ್ಲದವರಂತೆ, ಗಿರಾಕಿ ಹೋದ ಮೇಲೆ ಮೆಷಿನ್ ಒರೆಸುವವರಂತೆ, ನಿಂತರು. ಮತ್ತೆ ಎತ್ತಿದರು. ಹತ್ತು. ಒಂಬತ್ತು. ಹತ್ತು. ಹತ್ತು. ಒಂಬತ್ತು. ಈಗ ಕೈಯಲ್ಲಿದ್ದದ್ದು ಒಂದೇ ಗುಂಡು, ಬೇಕಿದ್ದದ್ದು ಭರ್ತಿ ಹತ್ತು.

ಆ ಗುಂಡಿಗೆ ಆಕೆ ಎಷ್ಟು ಹೊತ್ತು ತೆಗೆದುಕೊಂಡರೆಂದರೆ, ಅಷ್ಟರಲ್ಲಿ ಒಂದು ಬಸ್ಸು ಡಿಪೋದಿಂದ ಹೊರಟು ಮೊದಲ ನಿಲ್ದಾಣ ದಾಟಬಹುದಿತ್ತು.

ಹತ್ತು.

ಸಾಹೇಬರು ಎದ್ದು ನಿಂತರು. ಚಪ್ಪಾಳೆ ತಟ್ಟಲು ನೋಡಿದರೆ ಕೈ ಇನ್ನೂ ಮಗಳ ಬೆರಳುಗಳಿಗೆ ಅಂಟಿಕೊಂಡಿತ್ತು.

ಹೊರಗೆ ಕಾರಿಡಾರಿನಲ್ಲಿ ಕೋಚ್ ಓಡಿ ಬಂದು ಟೈಲರಮ್ಮನ ಎರಡೂ ಕೈ ಹಿಡಿದು ಕುಲುಕಿದರು. ಆಮೇಲೆ ಸಾಹೇಬರತ್ತ ತಿರುಗಿದರು. “ಅಂಕಲ್, ವರ್ಷದ ಪಟ್ಟಿ ನೀವು ಹಾಕಿದ್ದಂತೆ! ಕ್ಲಬ್ಬಿನ ಹನ್ನೊಂದು ಜನಕ್ಕೂ ಹಾಗೇ ಒಂದೊಂದು ಹಾಕಿಕೊಡ್ತೀರಾ? ಸೇಮ್ ಟು ಸೇಮ್.”

ಸಾಹೇಬರಿಗೆ ಹನ್ನೊಂದು ಮುಗ್ಧ ಜೀವಗಳು ಕಣ್ಣೆದುರು ಬಂದವು. ಇಷ್ಟು ವರ್ಷದ ಸೇವೆಯಲ್ಲಿ ಮೊದಲ ಬಾರಿ ಅವರು ಒಂದು ತಪ್ಪೊಪ್ಪಿಗೆಗೆ ಗಂಟಲು ಸರಿಮಾಡಿಕೊಂಡರು.

“ಆ ಪಟ್ಟಿ ತಪ್ಪು. ಡ್ರೈ ಪ್ರಾಕ್ಟೀಸು ನಾನೇ ಹೊಡೆದು ಹಾಕಿದ್ದೆ. ಆದ್ರೆ ಇವಳು ನನಗೆ ಹೇಳದೆ ದಿನಾ ಸಂಜೆ ಮಾಡಿದಳು. ನನಗೆ ಗೊತ್ತಾಯ್ತು. ಗೊತ್ತಾದ ಮೇಲೆ, ಇವಳಿಗೆ ಸಮಯ ಸಿಗಲಿ ಅಂತ ಐದು ತಿಂಗಳು ನಾನು ಬೀದಿ ಸುತ್ತಿದೆ. ಮೂರು ಸುತ್ತು. ದಿನಾ.” ಮಾತು ಮುಗಿಸಿ, ತ್ಯಾಗಮೂರ್ತಿಗೆ ಒಪ್ಪುವಂತೆ ದೂರದ ಕಿಟಕಿಯತ್ತ ದೃಷ್ಟಿ ನೆಟ್ಟರು.

ಟೈಲರಮ್ಮ ಬಾಯಿ ತೆರೆದು ನಿಂತಿದ್ದರು. “ಅದಕ್ಕಾ ನೀವು ತಡವಾಗಿ ಬರ್ತಿದ್ದದ್ದು?”

“ಮತ್ತೆ ಯಾಕೆ ಅಂದ್ಕೊಂಡೆ?”

“ಅಯ್ಯೋ ರೀ! ನೀವು ಆರಕ್ಕೆ ಬರೋವಾಗ ನನಗೆ ಲೆಕ್ಕ ಇತ್ತು. ಆಮೇಲೆ ಒಂದು ದಿನ ಆರೂ ಮೂವತ್ತೇಳು, ಒಂದು ದಿನ ಆರೂ ನಲವತ್ನಾಲ್ಕು. ಯಾವಾಗ ಬಂದು ನಿಂತುಬಿಡ್ತೀರೋ ಅಂತ ನಂಬೋ ಹಾಗೇ ಇರಲಿಲ್ಲ. ಅದಕ್ಕೇ ಮಧ್ಯಾಹ್ನ ಅಂಗಡಿಗೆ ‘ಊಟದ ಬಿಡುವು’ ಅಂತ ಬೋರ್ಡ್ ಹಾಕಿ ಆಗಲೇ ಮುಗಿಸಿಬಿಡ್ತಿದ್ದೆ.”

“ಮತ್ತೆ ಸಂಜೆ?”

“ಸಂಜೆ ಕಾಲು ಚಾಚಿ ರೇಡಿಯೋ ಕೇಳ್ತಿದ್ದೆ.” ಟೈಲರಮ್ಮ ತಲೆ ತಗ್ಗಿಸಿದರು. “ತುಂಬಾ ಆರಾಮಾಗಿತ್ತು.”

ಸಾಹೇಬರು ಮಗಳತ್ತ ತಿರುಗಿದರು. “ನಿನಗೆ ಗೊತ್ತಿತ್ತಾ?”

“ಅಮ್ಮನೂ ಹೇಳಬೇಡ ಅಂದಿದ್ರು, ನೀವೂ ಹೇಳಬೇಡ ಅಂದಿದ್ರಿ,” ಎಂದಳು ಮಗಳು. “ನಾನು ಮಾತಿಗೆ ತಪ್ಪೋಳಲ್ಲ ಅಪ್ಪ.”

“ಐದು ತಿಂಗಳು!” ಸಾಹೇಬರ ದನಿ ಕಾರಿಡಾರಿನಲ್ಲಿ ಮಾರ್ದನಿಸಿತು. “ಮಳೆ ನೋಡಲಿಲ್ಲ, ಬಿಸಿಲು ನೋಡಲಿಲ್ಲ. ಅಷ್ಟು ನಡೆದು ಏನು ಬಂತು? ಹೊಟ್ಟೆನಾದ್ರೂ ಕರಗಿತಾ? ಅದೂ ಇಲ್ಲ! ನೋಡು, ಈ ಪ್ಯಾಂಟು ಒಂದು ಬೆರಳಾದ್ರೂ ಸಡಿಲ ಆಗಿದೆಯಾ?”

ಅಷ್ಟು ಹೊತ್ತು ತಡೆದುಕೊಂಡಿದ್ದ ಟೈಲರಮ್ಮನಿಗೆ ಈಗ ನಗು ತಡೆಯಲಾಗಲಿಲ್ಲ. ಗೋಡೆಗೊರಗಿ, ಹಲಗೆ ಜಾಕೆಟ್ಟು ಬಗ್ಗಲು ಬಿಡದೆ, ನೆಟ್ಟಗೆ ನಿಂತೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಚೀಲದಿಂದ ಗಿರಾಕಿಗಳ ಅಳತೆ ಪುಸ್ತಕ ತೆಗೆದರು. ಎಲ್ಲಿಗೆ ಹೋದರೂ ಅದು ಜೊತೆಗಿರುತ್ತಿತ್ತು. ಕೊನೆಯ ಪುಟದಲ್ಲಿ ‘ಮನೆಯವರು, ಸೊಂಟ’ ಎಂದು ಬರೆದಿತ್ತು. ಮೂವತ್ತೊಂಬತ್ತು. ಮೂವತ್ತೆಂಟು. ಮೂವತ್ತೇಳು. ಮೂವತ್ತೈದೂವರೆ.

“ಮೂರು ಸಲ ಪ್ಯಾಂಟಿನ ಸೊಂಟ ಬಿಗಿ ಮಾಡಿ ಹೊಲಿದಿದ್ದೀನಿ. ಹೊಟ್ಟೆ ಇಳಿಸೋಕೆ ಗುಟ್ಟಾಗಿ ನಡೀತಿದ್ದೀರಿ, ಗೊತ್ತಾದ್ರೆ ನಾಚ್ಕೋತೀರಿ ಅಂತ ನೀವು ಸ್ನಾನಕ್ಕೆ ಹೋದಾಗ ಹೊಲಿದುಬಿಡ್ತಿದ್ದೆ.”

ಕೋಚ್ ಆ ಪುಟವನ್ನು ಇಣುಕಿ ನೋಡಿದರು. “ಆಂಟಿ, ನಿಮ್ಮ ಅಂಕ ಹೋದ ವರ್ಷಕ್ಕಿಂತ ಎರಡು ಹೆಚ್ಚಾಗಿದೆ. ಅಂಕಲ್‌ದು ಮೂರೂವರೆ ಇಂಚು ಇಳಿದಿದೆ. ವರ್ಷದ ಅತ್ಯುತ್ತಮ ತರಬೇತಿ ಯಾರಿಗೆ ಆಯ್ತು ಅಂತ ನೀವೇ ಹೇಳಿ.”

ಮರುದಿನ ಸಾಹೇಬರು ಆರಕ್ಕೆ ಸರಿಯಾಗಿ ಮನೆ ಮುಟ್ಟಿದರು. ಗೋಡೆಯ ಹಾಳೆ ಹೋಗಿ ಅಲ್ಲಿ ಕಾಗದದ ಬಟ್ಟೆ ನಮೂನೆಯೊಂದು ನೇತಾಡುತ್ತಿತ್ತು. ಅದರ ಮೇಲೆ ಟೈಲರಮ್ಮನ ನೀಲಿ ಸೀಮೆಸುಣ್ಣದ ಕೈಬರಹ: ಮುಂದಿನ ವರ್ಷ, ಮನೆಯವರು. ದಿನಾ ಸಂಜೆ ಮೂರು ಸುತ್ತು. ಶಿಖರ, ಮೂವತ್ನಾಲ್ಕು ಇಂಚು.

ಸಾಹೇಬರು ಎಡದಿಂದ ಬಲಕ್ಕೆ ಓದಿದರು, ಬಲದಿಂದ ಎಡಕ್ಕೆ ಓದಿದರು. “ಇದರಲ್ಲಿ ವಿಶ್ರಾಂತಿ ದಿನ ಎಲ್ಲೇ?”

“ಹನ್ನೊಂದು ದಿನ ಕೂತು ಬರೆದಿಲ್ಲ ರೀ ನಾನು. ಹೊಳೆದಷ್ಟು ಬರೆದೆ. ಹೊರಡಿ.”

ಅವರು ಗೊಣಗುತ್ತ ಚಪ್ಪಲಿ ಮೆಟ್ಟಿದರು. ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದೆ ಬಾಗಿಲಿಗೆ ಚಿಲಕ ಹಾಕಿದ ಸದ್ದಾಯಿತು. ತಿರುಗಿ ನೋಡಿದರೆ ಟೈಲರಮ್ಮ ಸೆರಗು ಸರಿಪಡಿಸಿಕೊಳ್ಳುತ್ತ ಬರುತ್ತಿದ್ದರು.

“ನೀನ್ಯಾಕೆ?”

“ಒಬ್ಬರನ್ನೇ ಕಳಿಸಿದ್ರೆ ಎರಡು ಸುತ್ತು ಹೊಡೆದು ಮೂರು ಅಂತ ಬರ್ಕೋತೀರಿ,” ಎಂದರು ಟೈಲರಮ್ಮ. “ನಡೀರಿ, ನಡೀರಿ. ಆರೂ ಎರಡಾಯ್ತು.”